ದೀಪದ ಎಣ್ಣೆಗೆ ಕೊಟ್ಟವರು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಹಿಂದೆ ಅದಕ್ಕೆ ಪಾವಿಟ್ಟಗೆ ಎಂದು ಹೆಸರು. ಅಲ್ಲಿನ ಕಂಬದ ಶಾಸನವೊಂದು ಕ್ರಿ.ಶ. 945ನೆಯ ವರ್ಷದ್ದು, ರಾಷ್ಟ್ರಕೂಟರ ಮೂರನೆಯ ಕೃಷ್ಣನು ಆಳುತ್ತಿದ್ದ ಕಾಲದ್ದು. ಆ ದೊರೆಯ ಮಂತ್ರಿ ನಾರಾಯಣನೆಂಬುವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರೆಂದೂ ಅದು ತಿಳಿಸುತ್ತದೆ. ಅಧ್ಯಾಪಕನ ಜೀವನಕ್ಕೆ ಭೂಮಿ, ವಿದ್ಯಾರ್ಥಿಗಳ ವಸತಿಗೆ ಮನೆಗಳು, ಇವನ್ನು ಯಾರಾದರೂ ಊಹಿಸಬಹುದು. ಆ ಶಾಸನದ ವಿಷಯವನ್ನು ಮೊದಲು ಓದಿದಾಗ ನನ್ನ ಮನಸ್ಸು ನಿಂತದ್ದು ಬೇರೆ ಎರಡು ಸಂಗತಿಗಳ ಮೇಲೆ. ಒಂದು, ಶಾಲೆಯ ದೀಪಕ್ಕೆಂದೇ ಪ್ರತ್ಯೇಕವಾಗಿ ಬಿಟ್ಟ ಭೂಮಿ. ಇನ್ನೊಂದು, ಆ ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಶಾಲೆಗೆ ಸಲ್ಲಬೇಕೆಂಬ ಕಟ್ಟಳೆ.

ಮಂತ್ರಿಯ ಔದಾರ್ಯ ದೊಡ್ಡದು, ಸಂದೇಹವಿಲ್ಲ. ಆದರೆ ಕಟ್ಟಡ ಎದ್ದು ನಿಂತ ಮೇಲೆ, ಮಂಗಳವಾದ್ಯ ಮುಗಿದ ಮೇಲೆ, ನಾಳೆ ಸಂಜೆ ಹುಡುಗರು ಓದಲು ಕುಳಿತಾಗ ಹಣತೆಗೆ ಎಣ್ಣೆ ಎಲ್ಲಿಂದ ಬರಬೇಕು ಎಂದು ಯಾರೋ ಕೇಳಿಕೊಂಡರಲ್ಲ, ಆ ವಿವೇಕ ಔದಾರ್ಯಕ್ಕಿಂತಲೂ ದೊಡ್ಡದು. ವಿದ್ಯೆಗೆ ಆಶ್ರಯ ಕೊಡುವ ಸಂಸ್ಥೆಗಳ ವಿಷಯವಾಗಿ ಈ ಹೊತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಎಣ್ಣೆಯ ಮಾತಿನ ವಿಸ್ತರಣೆಯೇ ಹೊರತು ಬೇರೆಯಲ್ಲ.

ಇಲ್ಲಿ ವಿದ್ಯೆ ಎಂದರೆ ನನ್ನ ಮನಸ್ಸಿನಲ್ಲಿರುವುದು ಮಾನವಿಕ ವಿದ್ಯೆಗಳು: ಭಾಷೆ, ಸಾಹಿತ್ಯ, ಇತಿಹಾಸ, ದರ್ಶನ, ಶಾಸನ, ಹಸ್ತಪ್ರತಿ ಮೊದಲಾದವುಗಳ ಅಧ್ಯಯನ. ಹೊಸ ಔಷಧಿಯನ್ನೋ ಹೊಸ ಯಂತ್ರವನ್ನೋ ಕಂಡುಹಿಡಿಯುವವನ ಬೆನ್ನಿಗೆ ಇಂದಲ್ಲ ನಾಳೆ ಒಬ್ಬ ಉದ್ಯಮಿ ಬಂದು ನಿಂತಾನು. ಆದರೆ ಹಳಗನ್ನಡದ ಒಂದು ಶಬ್ದಕ್ಕೆ ಸರಿಯಾದ ಅರ್ಥ ಯಾವುದೆಂದು ಹನ್ನೊಂದು ಕಾವ್ಯಗಳನ್ನು ತಿರುವಿ ಹಾಕುವವನನ್ನು ಸಾಕುವವರು ಯಾರು? ಅವನ ಶ್ರಮದ ಫಲ ಸಂತೆಯಲ್ಲಿ ಮಾರುವ ಸರಕಲ್ಲ. ಅದು ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದರಿಂದಲೇ ಯಾರೊಬ್ಬರೂ ಅದಕ್ಕೆ ತಾವಾಗಿ ಬೆಲೆ ಕೊಡುವುದಿಲ್ಲ. ಆದುದರಿಂದ ಯಾವ ಕಾಲದಲ್ಲಿಯೂ ಈ ವಿದ್ಯೆಗಳು ಬದುಕಿರುವುದು ಆಶ್ರಯದಿಂದಲೇ. ಆಶ್ರಯದಾತನ ರೂಪ ಮಾತ್ರ ಬದಲಾಗುತ್ತ ಬಂದಿದೆ. ಅರಸನಿದ್ದ ಸ್ಥಾನಕ್ಕೆ ಮಠ, ಮಿಷನ್, ಪರಿಷತ್ತು, ವಿಶ್ವವಿದ್ಯಾಲಯ, ಆಯೋಗ, ಪ್ರತಿಷ್ಠಾನ ಹೀಗೆ ಒಂದೊಂದಾಗಿ ಬಂದಿವೆ.

ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70 ಸಾವಿರ ಶಬ್ದಗಳ ಆ ಗ್ರಂಥವನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವವರು ಕಿಟೆಲ್ಲರನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ 1853ರಲ್ಲಿ ಈ ನಾಡಿಗೆ ಬಂದ ಆ ಮನುಷ್ಯ ಅಷ್ಟು ವರ್ಷ ಊಟ ಮಾಡಿದ್ದು ಯಾರ ಹಣದಲ್ಲಿ ಎಂದು ಕೇಳಿಕೊಳ್ಳುವವರು ವಿರಳ. ಅವರನ್ನು ಕಳುಹಿಸಿದ್ದು ಬಾಸೆಲ್ ಮಿಷನ್, ಕಳುಹಿಸಿದ್ದು ಧರ್ಮಪ್ರಚಾರಕ್ಕಾಗಿ. ಅವರ ಒಲವು ಹರಿದದ್ದು ಕೇಶಿರಾಜನ ಶಬ್ದಮಣಿದರ್ಪಣದ ಕಡೆಗೆ, ನಾಗವರ್ಮನ ಛಂದಸ್ಸಿನ ಕಡೆಗೆ, ಜನರ ಬಾಯಿಯ ಗಾದೆಗಳ ಕಡೆಗೆ. ಪ್ರಚಾರಕನಾಗಿ ಬಂದವನು ಕೋಶಕಾರನಾದ. ಕೊಟ್ಟವರ ಉದ್ದೇಶ ಒಂದು, ಪಡೆದವನಿಂದ ನಾಡಿಗೆ ಸಂದದ್ದು ಇನ್ನೊಂದು. ವಿದ್ವಾಂಸನಿಗೆ ಅನ್ನವನ್ನೂ ಸ್ವಲ್ಪ ಸಡಿಲವಾದ ಹಗ್ಗವನ್ನೂ ಕೊಟ್ಟರೆ ಏನಾದೀತು ಎಂಬುದಕ್ಕೆ ಇದು ಒಂದು ನಿದರ್ಶನ.

ಮೈಸೂರಿನದು ಇನ್ನೊಂದು ಬಗೆ. 1891ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಇಂದು ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುತ್ತೇವೆ. ಹಸ್ತಪ್ರತಿಗಳನ್ನು ಕೂಡಿಸುವುದು, ಪಟ್ಟಿ ಮಾಡುವುದು, ಕೆಡದಂತೆ ನೋಡಿಕೊಳ್ಳುವುದು, ಸಾಧ್ಯವಾದಂತೆ ಅಚ್ಚು ಮಾಡಿಸುವುದು, ಇಷ್ಟೇ ಅಲ್ಲಿಯ ಕೆಲಸ. ಕೇಳಲು ನೀರಸ. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಕಟ್ಟೊಂದನ್ನು ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ; ಕಳೆದುಹೋಯಿತೆಂದು ವಿದ್ವಾಂಸರು ಆಸೆ ಬಿಟ್ಟಿದ್ದ ಗ್ರಂಥ. 1909ರಲ್ಲಿ ಶಾಸ್ತ್ರಿಗಳು ಮೂಲವನ್ನು ಪ್ರಕಟಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಬಗ್ಗೆ ಪ್ರಪಂಚ ತಿಳಿದಿದ್ದುದೆಲ್ಲ ಮತ್ತೊಮ್ಮೆ ಪರಿಶೀಲನೆಗೆ ಒಳಗಾಗಬೇಕಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. "ನಾನು ಎರಡು ವರ್ಷದಲ್ಲಿ ಅರ್ಥಶಾಸ್ತ್ರವನ್ನು ಕಂಡುಹಿಡಿಯುತ್ತೇನೆ, ಇಷ್ಟು ಹಣ ಮಂಜೂರು ಮಾಡಿ" ಎಂದು ಯಾರೂ ಅರ್ಜಿ ಬರೆಯುವುದು ಸಾಧ್ಯವಿರಲಿಲ್ಲ. ಬರುವ ಓಲೆಗೆ ಬಾಗಿಲು ತೆರೆದಿಟ್ಟುಕೊಂಡು, ಓಲೆಯನ್ನು ಓದಬಲ್ಲವನೊಬ್ಬನಿಗೆ ಸಂಬಳ ಕೊಟ್ಟು ಕೂರಿಸಿಕೊಂಡಿದ್ದರು. ಅಷ್ಟೇ ಮಾಡಿದ್ದು, ಮಿಕ್ಕದ್ದು ತಾನಾಗಿ ಬಂತು. ದೀಪ ಉರಿಯುತ್ತಿದ್ದ ಮನೆಯಾದ್ದರಿಂದ ಅತಿಥಿ ಬಾಗಿಲು ತಟ್ಟಿದ.

ಆದರೆ ಆಶ್ರಯದ ಪ್ರಶ್ನೆ ತನ್ನೆಲ್ಲ ತೊಡಕುಗಳೊಡನೆ ಕಾಣಿಸಿಕೊಳ್ಳುವುದು ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಚರಿತ್ರೆಯಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ರಾಮಕೃಷ್ಣ ಗೋಪಾಲ ಭಾಂಡಾರಕರರು ಎಂಬತ್ತು ವರ್ಷ ತುಂಬಿದ ದಿನ, 1917ರ ಜುಲೈ 6ರಂದು, ಅವರ ಹೆಸರಿನಲ್ಲಿ ಆ ಸಂಸ್ಥೆ ಹುಟ್ಟಿತು. ಭಾಂಡಾರಕರರು ತಮ್ಮ ಸ್ವಂತ ಗ್ರಂಥಭಂಡಾರವನ್ನು ಅದಕ್ಕೆ ಕೊಟ್ಟರು. ಟಾಟಾ ಮನೆತನದವರು ಕಟ್ಟಡಕ್ಕೆ ನೆರವಾದರು. ಮುಂಬಯಿ ಸರ್ಕಾರ ತನ್ನ ವಶದಲ್ಲಿದ್ದ ಹಸ್ತಪ್ರತಿಗಳ ದೊಡ್ಡ ಸಂಗ್ರಹವನ್ನೇ ಅಲ್ಲಿಗೆ ಒಪ್ಪಿಸಿತು. ಆ ಮರುವರ್ಷ ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಮಹಾಭಾರತದ ಪ್ರಕಟಣೆಗೆಂದು ಒಂದು ಲಕ್ಷ ರೂಪಾಯಿಯ ವಾಗ್ದಾನ ಮಾಡಿದರು. ಔಂಧ್ ಸಾತಾರದ ಕಡೆಯ ಪುಟ್ಟ ಸಂಸ್ಥಾನ. ಅದರ ಒಂದು ತುಣುಕು ನಮ್ಮ ವಿಜಯಪುರದ ಗುಣದಾಳದ ಸುತ್ತಿನ ಕನ್ನಡ ಹಳ್ಳಿಗಳಲ್ಲಿಯೂ ಇತ್ತು. ಅಂಥ ಸಂಸ್ಥಾನಕ್ಕೆ ಅಂದಿನ ಲಕ್ಷ ಸಣ್ಣ ಮೊತ್ತವಲ್ಲ. ಅರಸರು ಸ್ವತಃ ಚಿತ್ರಕಾರರು; ಅವರ ಆಸೆ ಇದ್ದದ್ದು ಚಿತ್ರಗಳುಳ್ಳ ಒಂದು ಮಹಾಭಾರತದ ಮೇಲೆ. ಸಂಸ್ಥೆಯ ವಿದ್ವಾಂಸರ ಆಸೆ ಇದ್ದದ್ದು ಶುದ್ಧವಾದ ಪಾಠದ ಮೇಲೆ. ಎರಡಕ್ಕೂ ಒಂದೇ ಗ್ರಂಥದಲ್ಲಿ ಎಡೆ ದೊರೆಯಿತು.

ಶುದ್ಧವಾದ ಪಾಠ ಎಂದರೇನು? ಮಹಾಭಾರತ ನಮಗೆ ಬಂದಿರುವುದು ಒಂದೇ ಪುಸ್ತಕವಾಗಿ ಅಲ್ಲ. ಕಾಶ್ಮೀರದ ಶಾರದಾ ಲಿಪಿಯಲ್ಲಿ ಒಂದು ಬಗೆ, ಬಂಗಾಳಿ ಲಿಪಿಯಲ್ಲಿ ಒಂದು ಬಗೆ, ತೆಲುಗು, ಗ್ರಂಥ, ಮಲಯಾಳ ಲಿಪಿಗಳಲ್ಲಿ ಇನ್ನೊಂದು ಬಗೆ. ಪ್ರತಿಕಾರರು ಎಲ್ಲೋ ಒಂದು ಶ್ಲೋಕ ಬಿಟ್ಟಿದ್ದಾರೆ, ಎಲ್ಲೋ ಹತ್ತು ಸೇರಿಸಿದ್ದಾರೆ. ದೊರೆತ ಪ್ರತಿಗಳನ್ನೆಲ್ಲ ಒಂದರ ಪಕ್ಕದಲ್ಲಿ ಒಂದಿಟ್ಟು, ಅಕ್ಷರ ಅಕ್ಷರವನ್ನೂ ಹೋಲಿಸಿ, ಯಾವುದು ಹಳೆಯದು ಯಾವುದು ಮೇಲೆ ಸೇರಿದ್ದು ಎಂದು ನಿರ್ಣಯಿಸಿ, ಕೈಬಿಟ್ಟದ್ದನ್ನೂ ಅಡಿಟಿಪ್ಪಣಿಯಲ್ಲಿ ಕೊಟ್ಟು ಸಿದ್ಧಪಡಿಸುವ ಆವೃತ್ತಿಗೆ ವಿಮರ್ಶಾತ್ಮಕ ಆವೃತ್ತಿ ಎನ್ನುತ್ತಾರೆ. ಒಂದು ಉದ್ದವಾದ ಹಾಳೆಯ ನೆತ್ತಿಯ ಮೇಲೆ ಒಂದು ಶ್ಲೋಕ. ಅದರ ಕೆಳಗೆ ಸಾಲುಸಾಲಾಗಿ ಒಂದೊಂದು ಪ್ರತಿಯ ಪಾಠಭೇದ. ಆದಿಪರ್ವವೊಂದಕ್ಕೇ ಸುಮಾರು 60 ಪ್ರತಿಗಳನ್ನು ಹೀಗೆ ಹೋಲಿಸಿದರು. ಎಷ್ಟು ಲಿಪಿಗಳೋ ಅಷ್ಟು ಲಿಪಿಗಳನ್ನು ಬಲ್ಲ ಶಾಸ್ತ್ರಿಗಳು ಬೇಕು. ಅವರಿಗೆ ತಿಂಗಳು ತಿಂಗಳೂ ಸಂಬಳ ಬೇಕು. ಲಕ್ಷ ರೂಪಾಯಿ ಈ ಕೆಲಸದ ಮುಂದೆ ಎಷ್ಟು ದಿನದ ಮಾತು?

ಕೆಲಸ ಪ್ರಾರಂಭವಾದದ್ದು 1919ರ ಏಪ್ರಿಲ್ 1ರಂದು. 1923ರಲ್ಲಿ ವಿರಾಟಪರ್ವವನ್ನು ಮಾದರಿಯಾಗಿ ಅಚ್ಚು ಮಾಡಿ ವಿದ್ವಾಂಸರ ಅಭಿಪ್ರಾಯ ಕೇಳಿದರು. 1925ರಲ್ಲಿ ವಿಷ್ಣು ಸೀತಾರಾಮ ಸುಕ್ಥಂಕರರು ಪ್ರಧಾನ ಸಂಪಾದಕರಾಗಿ ಬಂದರು. ಅದುವರೆಗಿನ ವ್ಯವಸ್ಥೆಯನ್ನು ಅವರು ಬುಡದಿಂದ ಬದಲಾಯಿಸಿದರು. ಹೆಚ್ಚು ಪ್ರತಿಗಳು, ಬಿಗಿಯಾದ ಕ್ರಮ, ಹೊಸದಾಗಿ ಮತ್ತೆ ಹೋಲಿಕೆ. ಮೊದಲ ಸಂಚಿಕೆ ಹೊರಬಂದದ್ದು 1927ರಲ್ಲಿ. ಆದಿಪರ್ವ ಮುಗಿದದ್ದು 1933ರಲ್ಲಿ. ಎಂದರೆ, ಹಣದ ವಾಗ್ದಾನವಾಗಿ ಹದಿನೈದು ವರ್ಷಕ್ಕೆ ಹದಿನೆಂಟು ಪರ್ವಗಳಲ್ಲಿ ಒಂದು! ಈ ಕಾಲದ ಯಾವ ಲೆಕ್ಕ ತನಿಖೆಯವನ ಮುಂದೆ ಇದನ್ನು ಇಟ್ಟರೂ ಆತ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾನೆ. ಆದರೆ ಆ ಒಂದು ಸಂಪುಟವೂ ಅದಕ್ಕೆ ಸುಕ್ಥಂಕರರು ಬರೆದ ಪ್ರಸ್ತಾವನೆಯೂ ಭಾರತದಲ್ಲಿ ಗ್ರಂಥಸಂಪಾದನೆಯ ದಾರಿಯನ್ನೇ ಬದಲಿಸಿದವು. ಮೊದಲ ಆರು ವರ್ಷ ವ್ಯರ್ಥವಾಗಲಿಲ್ಲ. ಆ ಆರು ವರ್ಷ ತಪ್ಪಲು ಅವಕಾಶ ಇದ್ದುದರಿಂದಲೇ ಏಳನೆಯ ವರ್ಷ ಸರಿಯಾಗಲು ಸಾಧ್ಯವಾಯಿತು.

ಹಣ ಹೇಗೆ ಒದಗಿತು? ಒಂದೇ ಕೈಯಿಂದ ಒದಗಲಿಲ್ಲ. ಸರ್ಕಾರಗಳು, ದೇಶೀ ಸಂಸ್ಥಾನಗಳು, ವಿಶ್ವವಿದ್ಯಾಲಯ, ಶ್ರೀಮಂತರು, ಸಾಮಾನ್ಯರು ಎಲ್ಲರ ಬಾಗಿಲಿಗೂ ಸಂಸ್ಥೆ ಹೋಯಿತು. ಹೈದರಾಬಾದಿನ ನಿಜಾಮರು ವರ್ಷಕ್ಕೆ 1,000 ರೂಪಾಯಿಯಂತೆ 11 ವರ್ಷ ಮಹಾಭಾರತಕ್ಕೆ ಕೊಟ್ಟರು. ವಿದ್ವಾಂಸರು ಬಂದು ತಂಗಲು ಅತಿಥಿಗೃಹಕ್ಕೆ 50,000 ಕೊಟ್ಟರು. ಅತಿಥಿಗೃಹ ದೊಡ್ಡ ದಾನ, ಕಣ್ಣಿಗೆ ಕಾಣುವಂಥದು. ಆದರೆ ವರ್ಷ ವರ್ಷವೂ ತಪ್ಪದೆ ಬಂದ ಆ ಸಾವಿರ ರೂಪಾಯಿ ಇದೆಯಲ್ಲ, ಅದನ್ನು ನಾನು ಎಣ್ಣೆಯ ಲೆಕ್ಕಕ್ಕೆ ಸೇರಿಸುತ್ತೇನೆ.

ಭಾಂಡಾರಕರರು 1925ರಲ್ಲಿ ತೀರಿಕೊಂಡರು. ಸುಕ್ಥಂಕರರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮಹಾಭಾರತದ ಅರ್ಥವನ್ನು ಕುರಿತು ಉಪನ್ಯಾಸಗಳನ್ನು ಕೊಡುತ್ತಿದ್ದರು. ನಾಲ್ಕನೆಯದನ್ನು ಕೊಡುವ ಮೊದಲೇ, 1943ರ ಜನವರಿ 21ರಂದು, ಅವರೂ ಹೋದರು. ಔಂಧ್‌ನ ಅರಸರು 1951ರಲ್ಲಿ ಹೋದರು. ಅದಕ್ಕೆ ಮೊದಲೇ ಅವರ ಸಂಸ್ಥಾನವೇ ಇಲ್ಲವಾಗಿತ್ತು. ಸಾಮ್ರಾಜ್ಯ ಹೋಯಿತು, ಗಣರಾಜ್ಯ ಬಂತು. ಬೇಲ್ವಲಕರರೂ ಅವರ ಅನಂತರ ವೈದ್ಯರೂ ಸಂಪಾದಕತ್ವದ ಹೊಣೆ ಹೊತ್ತರು. 1966ರ ಸೆಪ್ಟೆಂಬರ್ 22ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಮುಗಿದ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ 19 ಸಂಪುಟಗಳು, 13,000ಕ್ಕೂ ಹೆಚ್ಚು ಪುಟಗಳು, 1,259 ಹಸ್ತಪ್ರತಿಗಳ ಸಾರ. ಮೊದಲು ದೀಪ ಹಚ್ಚಿದವರಲ್ಲಿ ಈ ಮೂವರೂ ಬೆಳಕನ್ನು ನೋಡಲಿಲ್ಲ. ಸಂಸ್ಥೆ ನೋಡಿತು. ವ್ಯಕ್ತಿಯ ಆಯುಸ್ಸಿಗಿಂತ ದೊಡ್ಡದಾದ ಕೆಲಸಕ್ಕೆ ವ್ಯಕ್ತಿಗಿಂತ ದೀರ್ಘಾಯುವಾದ ಒಡೆಯ ಬೇಕು. ಸಂಸ್ಥೆಗಳನ್ನು ಕಟ್ಟುವುದು ಅದಕ್ಕಾಗಿ.

ಇದು ಪುಣೆಯೊಂದರ ವಿಶೇಷವೇನೂ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಹತ್ತು ವರ್ಷದಲ್ಲಿ ಮುಗಿಸಬೇಕೆಂದು 1879ರಲ್ಲಿ ಕರಾರಾಯಿತು. ಐದು ವರ್ಷದ ಮೇಲೆ ಹೊರಬಂದ ಮೊದಲ ಸಂಚಿಕೆ 'ಆಂಟ್' ಎಂಬ ಶಬ್ದದವರೆಗೆ ಮಾತ್ರ ತಲುಪಿತ್ತು. ಮುಗಿದದ್ದು 1928ರಲ್ಲಿ, ಸಂಪಾದಕ ಮರ್ರೆ ತೀರಿಕೊಂಡು ಆಗ ಹದಿಮೂರು ವರ್ಷ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಆರಂಭವಾದ ಸಂಸ್ಕೃತ ಮಹಾಕೋಶದ ಮೊದಲ ಭಾಗ 1976ರಲ್ಲಿ ಬಂತು. ಈವರೆಗೆ ಮೂವತ್ತಕ್ಕೂ ಮೀರಿ ಸಂಪುಟಗಳು ಬಂದಿದ್ದರೂ ಅದು ಇನ್ನೂ ಅಕಾರವನ್ನು ದಾಟಿಲ್ಲ. ನಗುವವರು ನಗಬಹುದು. ಸುಮಾರು 1,500 ಗ್ರಂಥಗಳಿಂದ ಆಯ್ದ ಒಂದು ಕೋಟಿಯಷ್ಟು ಚೀಟಿಗಳನ್ನು ಎದುರಿಗಿಟ್ಟುಕೊಂಡು ಕುಳಿತವರಿಗೆ ಮಾತ್ರ ಅದು ನಗುವ ವಿಷಯವಲ್ಲ.

ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟೂ ಇದೇ ಜಾತಿಯದು. ಕಳೆದ ಶತಮಾನದ ನಲವತ್ತರ ದಶಕದಲ್ಲಿ ಕೈಗೊಂಡ ಕೆಲಸ; ಮೊದಲ ಸಂಪುಟ 1970ರಲ್ಲಿ, ಎಂಟನೆಯದೂ ಕಡೆಯದೂ 1995ರಲ್ಲಿ. ಕಾವ್ಯಗಳಿಂದ, ಶಾಸನಗಳಿಂದ ಪ್ರಯೋಗಗಳನ್ನು ಚೀಟಿಗಳಿಗೆ ಇಳಿಸಿ, ಅಕಾರಾದಿಯಾಗಿ ಜೋಡಿಸಿ, ಅರ್ಥ ನಿರ್ಣಯಿಸಿ ಒಂಬತ್ತು ಸಾವಿರ ಪುಟಗಳನ್ನು ಮೀರಿದ ಕೋಶವನ್ನು ಕಟ್ಟಿದರು. ಡಿ.ಎಲ್. ನರಸಿಂಹಾಚಾರ್ಯರು ಒಂದೇ ಸಂಪುಟವನ್ನು ಕಂಡು 1971ರಲ್ಲಿ ಕಣ್ಮುಚ್ಚಿದರು. ಜಿ. ವೆಂಕಟಸುಬ್ಬಯ್ಯನವರು ಕೊನೆಯದನ್ನೂ ಕಂಡರು. ಚೀಟಿ ಬರೆದವರ ಹೆಸರನ್ನು ನಾವು ಯಾರೂ ಹೇಳಲಾರೆವು. ಸರ್ಕಾರದ ನೆರವು ಬಂದಾಗ ಕೆಲಸ ಓಡುವುದು, ತಡವಾದಾಗ ಕುಂಟುವುದು. ಹೀಗೆಯೇ ಆ ರಥ ಊರು ಸೇರಿತು. ಸೇರಿತೆಂಬುದೇ ಭಾಗ್ಯ.

ಊರು ಸೇರದ ರಥವೊಂದರ ಕಥೆಯನ್ನೂ ಹೇಳಬೇಕು. ಅದು ನನ್ನ ಕಣ್ಣೆದುರಿನದು.

ಕಾಲೇಜು ಮುಗಿಸಿ ನಾನು ಕೆಲಸಕ್ಕಾಗಿ ಅಲೆಯುತ್ತಿದ್ದ ದಿನಗಳಲ್ಲಿ ನನ್ನ ಮೇಷ್ಟ್ರೊಬ್ಬರು ನಡುಗನ್ನಡದ ಕಾವ್ಯವೊಂದರ ಸಂಪಾದನೆಗೆ ತೊಡಗಿದ್ದರು. ಒಂದು ಸಂಸ್ಥೆ ಅದಕ್ಕೆ ಮೂರು ವರ್ಷದ ಅವಧಿಗೆ ಸಹಾಯಧನ ಕೊಟ್ಟಿತ್ತು. ಅದರ ಹೆಸರು ಇಲ್ಲಿ ಅನಗತ್ಯ. ನಾನು ಸಹಾಯಕ. ಮೊದಲನೆಯ ವರ್ಷವೆಲ್ಲ ಪ್ರತಿಗಳನ್ನು ಹುಡುಕುವುದರಲ್ಲಿಯೇ ಕಳೆಯಿತು. ಓಲೆಯನ್ನು ಮನೆಯಿಂದ ಹೊರಗೆ ಕೊಡಲು ಕೆಲವರು ಒಪ್ಪುತ್ತಿರಲಿಲ್ಲ. ಅವರ ಜಗಲಿಯ ಮೇಲೆಯೇ ಕುಳಿತು ನಕಲು ಮಾಡಿಕೊಳ್ಳಬೇಕಾಗಿತ್ತು. ಒಣಗಿ ಸೆಟೆದ ಓಲೆಗೆ ಹುಲ್ಲೆಣ್ಣೆ ಸವರದೆ ಬಿಡಿಸುವಂತಿಲ್ಲ, ಮುರಿಯುತ್ತದೆ. ಮೇಷ್ಟ್ರು ಎರಡು ಸೀಸೆ ಎಣ್ಣೆ ತರಿಸಿ ರಸೀದಿಯನ್ನು ಲೆಕ್ಕಕ್ಕೆ ಹಚ್ಚಿ ಕಳುಹಿಸಿದರು. ತಿಂಗಳ ಮೇಲೆ ರಸೀದಿ ಹಿಂದಕ್ಕೆ ಬಂತು. 'ಎಣ್ಣೆ ಯಾವ ಬಾಬ್ತು?' ಎಂದು ಪ್ರಶ್ನೆ. ಲೇಖನ ಸಾಮಗ್ರಿಯಲ್ಲ, ಪ್ರಯಾಣ ವೆಚ್ಚವಲ್ಲ, ಗ್ರಂಥ ಖರೀದಿಯಲ್ಲ. ಮೇಷ್ಟ್ರು ರಸೀದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಏನಯ್ಯ, ಓಲೆಗೆ ಹಸಿವಾಗುತ್ತೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?" ಎಂದು ನಕ್ಕರು. ಆ ಮೇಲಿನ ಎಣ್ಣೆಯೆಲ್ಲ ಅವರ ಸಂಬಳದ್ದು.

ಮೂರನೆಯ ವರ್ಷದ ನಡುವಿನಲ್ಲಿ ಐದನೆಯ ಪ್ರತಿಯೊಂದು ದೊರೆಯಿತು. ಅದರಲ್ಲಿ ಸಂಧಿಗಳ ಕ್ರಮವೇ ಬೇರೆ. ಬೇರೆ ಪ್ರತಿಗಳಲ್ಲಿ ಇಲ್ಲದ ಪದ್ಯಗಳು, ಅರ್ಥವಾಗದೆ ಉಳಿದಿದ್ದ ಕಡೆಗಳಲ್ಲಿ ತಿಳಿಯಾದ ಪಾಠ. ಇದುವರೆಗೆ ನಿರ್ಣಯಿಸಿದ್ದನ್ನೆಲ್ಲ ಮತ್ತೆ ಮೊದಲಿನಿಂದ ನೋಡಬೇಕು. ಮೇಷ್ಟ್ರು ಇನ್ನೆರಡು ವರ್ಷದ ಅವಧಿ ಕೇಳಿ ಬರೆದರು. ಅವಧಿ ಮುಗಿದಿದೆ, ಅಚ್ಚಿನ ಪ್ರತಿಯನ್ನಾಗಲಿ ಉಳಿದ ಹಣವನ್ನಾಗಲಿ ವಿನಿಯೋಗದ ಪ್ರಮಾಣಪತ್ರದೊಡನೆ ಕಳುಹಿಸತಕ್ಕದ್ದು ಎಂದು ಉತ್ತರ ಬಂತು. ಅರೆಬೆಂದ ಪುಸ್ತಕವನ್ನು ಅಚ್ಚಿಗೆ ಕೊಟ್ಟುಬಿಟ್ಟಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಅವರು ಕೊಡಲಿಲ್ಲ, ಉಳಿದ ಹಣವನ್ನು ಹಿಂದಿರುಗಿಸಿದರು. ನನಗೆ ಅಷ್ಟರಲ್ಲಿ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ನಾನು ಹೊರಟುಬಿಟ್ಟೆ.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಗೆ ಹೋದಾಗ ಅಟ್ಟದಿಂದ ಮೂರು ಪೆಟ್ಟಿಗೆಗಳನ್ನು ಇಳಿಸಿದರು. ಎರಡರಲ್ಲಿ ಗೆದ್ದಲಿನ ಮಣ್ಣು. ಮೂರನೆಯದರಲ್ಲಿ ನನ್ನದೇ ಅಕ್ಷರದ ಕೆಲವು ಚೀಟಿಗಳು ಉಳಿದಿದ್ದವು. ಐದನೆಯ ಪ್ರತಿಯವು ಅದರಲ್ಲಿ ಒಂದೂ ಇರಲಿಲ್ಲ. ಓಲೆಯನ್ನು ನಾವು ಅದರ ಒಡೆಯರಿಗೆ ಹಿಂದಿರುಗಿಸಿದ್ದೆವಷ್ಟೆ. ಅವರನ್ನು ಹುಡುಕಿಕೊಂಡು ಹೋದೆ. ಮನೆ ಪಾಲಾಗಿತ್ತು. ಹಳೆಯ ಓಲೆಗಳನ್ನೆಲ್ಲ ಒಂದು ಒಳ್ಳೆಯ ದಿನ ನೋಡಿ, ಪೂಜೆ ಮಾಡಿ, ಹೊಳೆಗೆ ಬಿಟ್ಟೆವೆಂದು ಆ ಮನೆಯ ಯಜಮಾನರು ಭಕ್ತಿಯಿಂದಲೇ ಹೇಳಿದರು. ಅವರನ್ನು ನಾನು ದೂರಲಾರೆ. ಸಂಸ್ಥೆಯ ಗುಮಾಸ್ತನನ್ನೂ ದೂರಲಾರೆ. ಅವನ ಪುಸ್ತಕದಲ್ಲಿ ಎಣ್ಣೆಗೆ ಅಂಕಣವಿರಲಿಲ್ಲ. ಆ ಪೆಟ್ಟಿಗೆಗಳನ್ನು ಹೊರಡುವಾಗಲೇ ನನ್ನೊಡನೆ ಕೊಂಡೊಯ್ಯಬಹುದಾಗಿತ್ತಲ್ಲ ಎಂದು ನನ್ನನ್ನು ಮಾತ್ರ ದೂರಿಕೊಂಡಿದ್ದೇನೆ. ಸುಕ್ಥಂಕರರು ಏಳನೆಯ ವರ್ಷದಲ್ಲಿ ಮಾಡಿದ್ದನ್ನೇ ನಮ್ಮ ಮೇಷ್ಟ್ರು ಮೂರನೆಯ ವರ್ಷದಲ್ಲಿ ಮಾಡಲು ಹೊರಟಿದ್ದರು. ಅಲ್ಲಿ ಅದು ಇತಿಹಾಸವಾಯಿತು. ಇಲ್ಲಿ ಗೆದ್ದಲಿಗೆ ಆಹಾರವಾಯಿತು. ಪಾಂಡಿತ್ಯದ ಅಂತರ ಇದ್ದೀತು. ಆದರೆ ಈ ಎರಡು ಗತಿಗಳ ನಡುವಣ ಅಂತರ ಪಾಂಡಿತ್ಯದ್ದಲ್ಲ.

ಈಗ ನಮ್ಮ ಕಾಲದ ಏರ್ಪಾಡುಗಳನ್ನು ನೋಡೋಣ. ಸ್ವಾತಂತ್ರ್ಯ ಬಂದ ಮೇಲೆ ಅರಸರ ಸ್ಥಾನಕ್ಕೆ ಸರ್ಕಾರ ಬಂತು. 1954ರಲ್ಲಿ ಸಾಹಿತ್ಯ ಅಕಾಡೆಮಿ, 1956ರ ಕಾಯಿದೆಯಿಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 1969ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ, 1972ರಲ್ಲಿ ಭಾರತೀಯ ಇತಿಹಾಸ ಸಂಶೋಧನ ಪರಿಷತ್ತು ಹುಟ್ಟಿದವು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಾಯಿತು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಇವುಗಳ ಹಿಂದಿನ ತತ್ತ್ವ ಒಳ್ಳೆಯದು: ಹಣ ಪ್ರಜೆಗಳದು, ಕೊಡುವುದು ಸರ್ಕಾರ, ಯಾರಿಗೆ ಏತಕ್ಕೆ ಎಂದು ತೂಗುವುದು ವಿದ್ವಾಂಸರ ಮಂಡಲಿ. ಕೊಡುವ ಕೈಗೂ ಬರೆಯುವ ಕೈಗೂ ನಡುವೆ ಒಂದು ಜರಡಿ ಇರಬೇಕು. ಇಲ್ಲವಾದರೆ ಕೊಟ್ಟವನಿಗೆ ಬೇಕಾದ ಇತಿಹಾಸವೇ ಬರೆಯಲ್ಪಡುತ್ತದೆ. ಜರಡಿ ಹರಿಯದಂತೆ ನೋಡಿಕೊಳ್ಳುವುದು ವಿದ್ವಾಂಸರ ಕರ್ತವ್ಯವಷ್ಟೇ ಅಲ್ಲ, ತೆರಿಗೆ ಕೊಡುವ ನಮ್ಮದೂ ಹೌದು.

ಆದರೆ ಸರ್ಕಾರದ ಅನುದಾನ ವರ್ಷದಿಂದ ವರ್ಷಕ್ಕೆ ಬರುವಂಥದು. ಬಂದರೆ ಮಳೆ, ಬಾರದಿದ್ದರೆ ಬರ. ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೆರಿಕದಲ್ಲಿ ಮಾನವಿಕ ವಿದ್ಯೆಗಳಿಗೆಂದೇ 1965ರಲ್ಲಿ ಒಂದು ರಾಷ್ಟ್ರೀಯ ನಿಧಿ ಸ್ಥಾಪನೆಯಾಯಿತು. ಹಳೆಯ ಪತ್ರಗಳ ಸಂಪಾದನೆ, ಊರೂರಿನ ವಸ್ತುಸಂಗ್ರಹಾಲಯ, ಅಳಿಯುತ್ತಿರುವ ಭಾಷೆಗಳ ದಾಖಲೆ ಎಲ್ಲಕ್ಕೂ ಅದು ನೀರೆರೆಯಿತು. 2025ರ ಏಪ್ರಿಲ್‌ನಲ್ಲಿ ಆಗಲೇ ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಸಹಾಯಧನಗಳನ್ನು ಕೆಲವೇ ದಿನಗಳಲ್ಲಿ ರದ್ದುಪಡಿಸಿದರು. ನಡುದಾರಿಯಲ್ಲಿ ನಿಂತ ಕೆಲಸಗಳು ಎಷ್ಟೋ. ಈ ಸುದ್ದಿಯನ್ನು ಓದಿದ ದಿನ ನನಗೆ ಆ ಮೂರು ಪೆಟ್ಟಿಗೆಗಳು ನೆನಪಾದವು.

ಆದ್ದರಿಂದಲೇ ನಮ್ಮ ಹಿರಿಯರು ದಾನವನ್ನೂ ದತ್ತಿಯನ್ನೂ ಬೇರೆ ಬೇರೆಯಾಗಿ ಕಂಡರು. ಅನುದಾನವೆಂಬುದು ಕಡಿದು ತಂದ ಸೌದೆ, ಉರಿದು ಬೂದಿಯಾಗುತ್ತದೆ. ದತ್ತಿಯೆಂಬುದು ನೆಟ್ಟ ಹಲಸಿನ ಮರ; ಮರವನ್ನು ಮುಟ್ಟದೆ ಹಣ್ಣನ್ನು ತಿನ್ನಬೇಕು. ಮೂಲಧನವನ್ನು ಹಾಗೆಯೇ ಇರಿಸಿ ಬಡ್ಡಿಯಲ್ಲಿ ಕೆಲಸ ನಡೆಸುವುದೇ ದತ್ತಿಯ ಲಕ್ಷಣ. ಇದಕ್ಕೆ ಹತ್ತಿರದ ಉದಾಹರಣೆಯೆಂದರೆ ಮೂರ್ತಿ ಗ್ರಂಥಮಾಲೆ. ರೋಹನ್ ಮೂರ್ತಿಯವರು 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 52 ಲಕ್ಷ ಡಾಲರುಗಳ ದತ್ತಿಯನ್ನಿರಿಸಿ ಭಾರತದ ಪ್ರಾಚೀನ ಸಾಹಿತ್ಯವನ್ನು ಮೂಲದೊಡನೆ ಅನುವಾದಿಸಿ ಪ್ರಕಟಿಸುವ ವ್ಯವಸ್ಥೆ ಮಾಡಿದರು. 2015ರಿಂದ ಪುಸ್ತಕಗಳು ಬರುತ್ತಿವೆ. 2017ರಲ್ಲಿ ನಮ್ಮ ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದೊಡನೆ, ಎಡಪುಟದಲ್ಲಿ ಕನ್ನಡ ಬಲಪುಟದಲ್ಲಿ ಇಂಗ್ಲಿಷ್ ಆಗಿ, ಪ್ರಪಂಚದ ಓದುಗರ ಮುಂದೆ ಹೋಯಿತು. ಇಂಥ ದತ್ತಿ ಅಮೆರಿಕದಲ್ಲಿ ಏಕೆ, ಇಲ್ಲಿ ಏಕಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸಹಜವೇ. ನೂರು ವರ್ಷ ಮೂಲಧನವನ್ನು ಮುಟ್ಟದೆ ಕಾಯುತ್ತೇವೆಂಬ ನಂಬಿಕೆಯನ್ನು ನಮ್ಮ ಸಂಸ್ಥೆಗಳು ಕೊಡಬಲ್ಲವೆ ಎಂಬುದು ಅದಕ್ಕಿಂತ ಸಹಜವಾದ ಪ್ರಶ್ನೆ.

ದತ್ತಿಗೂ ರೋಗಗಳುಂಟು. ತಂದೆಯ ಹೆಸರಿನಲ್ಲಿ ಐವತ್ತು ವರ್ಷದ ಹಿಂದೆ ಇರಿಸಿದ ಸಾವಿರ ರೂಪಾಯಿಯ ದತ್ತಿಯ ಬಡ್ಡಿ ಇಂದು ಉಪನ್ಯಾಸಕರಿಗೆ ಹಾಕುವ ಹಾರಕ್ಕೂ ಸಾಲದು. ಇನ್ನೊಂದು ರೋಗ ಕೊಡುವವರ ಮನಸ್ಸಿನದು. ನಮ್ಮಲ್ಲಿ ದತ್ತಿಗಳಿಗೆ ಕೊರತೆಯಿಲ್ಲ. ಬಹುಮಾನಕ್ಕೆ ದತ್ತಿ, ಉಪನ್ಯಾಸಕ್ಕೆ ದತ್ತಿ, ಚಿನ್ನದ ಪದಕಕ್ಕೆ ದತ್ತಿ. ಕೊಟ್ಟವರ ಹೆಸರು ವೇದಿಕೆಯ ಮೇಲೆ ವರ್ಷಕ್ಕೊಮ್ಮೆ ಕೇಳಿಸುವಂಥ ಕಡೆಯೇ ಹಣ ಹರಿಯುತ್ತದೆ, ಮನುಷ್ಯಸ್ವಭಾವ, ತಪ್ಪೆನ್ನಲಾರೆ. ಆದರೆ ಗ್ರಂಥಸೂಚಿಗೆ ದತ್ತಿ, ಹಸ್ತಪ್ರತಿಗಳ ಪಟ್ಟಿಗೆ ದತ್ತಿ, ಚೀಟಿ ಬರೆಯುವ ಹುಡುಗನ ಊಟಕ್ಕೆ ದತ್ತಿ, ಗೆದ್ದಲಿನ ಮದ್ದಿಗೆ ದತ್ತಿ, ಇಂಥವುಗಳ ಹೆಸರನ್ನು ನಾನು ಹೆಚ್ಚಾಗಿ ಕೇಳಿಲ್ಲ. ಪದಕವನ್ನು ಪಡೆಯುವವನು ವರ್ಷಕ್ಕೊಬ್ಬ. ಪಟ್ಟಿಯನ್ನು ಬಳಸುವವರು ಇನ್ನೂ ಹುಟ್ಟದ ಎಷ್ಟೋ ಜನ.

ಇದನ್ನು ಕೇಳುತ್ತಿರುವವರಲ್ಲಿ ಅರಸರಿಲ್ಲ, ಕೋಟ್ಯಧೀಶರೂ ಬಹಳ ಮಂದಿ ಇರಲಾರರು. ಆದರೆ ನಿಮ್ಮ ಊರಿನಲ್ಲಿ ಒಂದು ವಾಚನಾಲಯವೋ, ಒಂದು ಸಾಹಿತ್ಯ ಸಂಘವೋ, ಹಳೆಯ ಕಾಲೇಜೊಂದರ ಪುಸ್ತಕ ಭಂಡಾರವೋ ಇದ್ದೇ ಇದೆ. ಅಲ್ಲಿಗೆ ಹೋದಾಗ ಹೊಸ ಕಟ್ಟಡದ ಚಂದಾ ಪುಸ್ತಕದ ಜೊತೆಗೆ, ಇಲ್ಲಿ ಎಣ್ಣೆಯ ಖರ್ಚು ಯಾವುದು, ಅದನ್ನು ಯಾರು ಕೊಡುತ್ತಾರೆ ಎಂದು ಒಂದು ಮಾತು ಕೇಳಿ. ಹಳೆಯ ಮನೆಯಲ್ಲಿ ಓಲೆಯ ಕಟ್ಟಿದ್ದರೆ ಹೊಳೆಗೆ ಬಿಡುವ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರಕ್ಕೆ ಒಂದು ಕಾಗದ ಬರೆಯಿರಿ. ಇದಕ್ಕೆ ಖರ್ಚೂ ಇಲ್ಲ.

ಸಾಲೋಟಗಿಯ ಆ ಕಟ್ಟಳೆಗೆ ಮತ್ತೆ ಬರುತ್ತೇನೆ. ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಅಂದು ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕೊಡುವ ಹೊಣೆಯೂ ಕೆಲವರದೇ ಆಗಿತ್ತು. ಇಂದು ವಿದ್ಯೆ ಎಲ್ಲರದು, ಹೊಣೆಯೂ ಎಲ್ಲರದು. ಮನೆಯಲ್ಲಿ ಸಂತೋಷವಾದಾಗ ವಿದ್ಯೆಗೆ ಒಂದು ಪಾಲು ಎಂದು ಸಾವಿರ ವರ್ಷದ ಹಿಂದೆ ಒಂದು ಊರು ಕಲ್ಲಿನ ಮೇಲೆ ಕೊರೆಸಿತು. ಮಂತ್ರಿಯ ವಂಶ ಯಾವಾಗ ಮುಗಿಯಿತೋ ತಿಳಿಯದು. ರಾಷ್ಟ್ರಕೂಟರ ಸಾಮ್ರಾಜ್ಯ ಆ ಶಾಸನವಾದ ಐವತ್ತು ವರ್ಷದೊಳಗೆ ಮುಗಿಯಿತು. ಆದರೆ ಮದುವೆಗಳು ಮುಗಿಯಲಿಲ್ಲ. ದೀಪಕ್ಕೆ ಯಾರನ್ನು ನಂಬಬೇಕೆಂಬುದನ್ನು ಆ ಊರಿನ ಹಿರಿಯರು ಸರಿಯಾಗಿಯೇ ತಿಳಿದಿದ್ದರೆಂದು ನನಗೆ ತೋರುತ್ತದೆ.